ಬಡವನ ಬಟ್ಟಲು ಮತ್ತು ವಾಹನದ ಟ್ಯಾಂಕು

2020ರ ಎಪ್ರಿಲ್ ತಿಂಗಳು. ದೇಶಕ್ಕೆ ದೇಶವೇ ಬೀಗ ಹಾಕಿಕೊಂಡು ಕುಳಿತಿತ್ತು. ಕೆಲಸವನ್ನೂ ಕೂಲಿಯನ್ನೂ ಕಳೆದುಕೊಂಡ ವಲಸೆ ಕಾರ್ಮಿಕರು ಮಕ್ಕಳನ್ನು ಹೆಗಲ ಮೇಲೆ ಹೊತ್ತು, ಬರಿಗಾಲಲ್ಲಿ ಹೆದ್ದಾರಿ ಹಿಡಿದು ಊರಿನತ್ತ ನಡೆಯುತ್ತಿದ್ದರು. ಯಾರೋ ಕೊಟ್ಟ ಒಂದು ಪೊಟ್ಟಣ ಚಿತ್ರಾನ್ನಕ್ಕಾಗಿ ಗಂಟೆಗಟ್ಟಲೆ ಸಾಲು ನಿಂತವರ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಅದೇ ತಿಂಗಳ 20ರಂದು ದಿಲ್ಲಿಯಲ್ಲಿ ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿಯ ಸಭೆ ನಡೆಯಿತು. ಭಾರತೀಯ ಆಹಾರ ನಿಗಮದ ಗೋದಾಮುಗಳಲ್ಲಿರುವ 'ಹೆಚ್ಚುವರಿ' ಅಕ್ಕಿಯನ್ನು ಎಥೆನಾಲ್ ಆಗಿ ಪರಿವರ್ತಿಸಿ, ಕೈ ತೊಳೆಯುವ ಸ್ಯಾನಿಟೈಸರ್‌ಗೂ ಪೆಟ್ರೋಲಿಗೆ ಬೆರೆಸಲಿಕ್ಕೂ ಬಳಸಬಹುದೆಂದು ಆ ಸಭೆ ತೀರ್ಮಾನಿಸಿತು. ಹೆಚ್ಚುವರಿ ಎಂಬ ಪದ ಅಂದು ಯಾವ ಅರ್ಥದಲ್ಲಿ ಬಳಕೆಯಾಯಿತೆಂಬ ಪ್ರಶ್ನೆಗೆ ಇಂದಿಗೂ ಸಮರ್ಪಕ ಉತ್ತರ ಸಿಕ್ಕಿಲ್ಲ.

ನಾವು ಬದಲಿ ಇಂಧನದ ವಿರೋಧಿಗಳೇನಲ್ಲ. ತನಗೆ ಬೇಕಾದ ಕಚ್ಚಾ ತೈಲದ ಶೇಕಡಾ 85ಕ್ಕೂ ಹೆಚ್ಚಿನ ಭಾಗವನ್ನು ಹೊರದೇಶಗಳಿಂದ ತರಿಸಿಕೊಳ್ಳುವ ದೇಶವೊಂದು ತನ್ನ ನೆಲದಲ್ಲಿಯೇ ಇಂಧನದ ಮೂಲವನ್ನು ಹುಡುಕುವುದು ವಿವೇಕದ ಕೆಲಸವೇ. ಗಲ್ಫಿನಲ್ಲಿ ಯುದ್ಧದ ಮೋಡ ಕವಿದಾಗಲೆಲ್ಲ ನಮ್ಮ ಪಟ್ಟಣಗಳ ಆಟೋ ಚಾಲಕನ ಎದೆ ನಡುಗುವುದನ್ನು ಬಲ್ಲವರು ಇದನ್ನು ಅಲ್ಲಗಳೆಯಲಾರರು. ಪ್ರಶ್ನೆ ಇರುವುದು ಇಂಧನವನ್ನು ಯಾವುದರಿಂದ ತಯಾರಿಸಲಾಗುತ್ತಿದೆ, ಯಾರ ಪಾಲಿನದನ್ನು ತೆಗೆದು ತಯಾರಿಸಲಾಗುತ್ತಿದೆ ಎಂಬಲ್ಲಿ.

ಹಾಗೆ ನೋಡಿದರೆ ಈ ಕಾರ್ಯಕ್ರಮ ಆರಂಭವಾದದ್ದು ಸರಿಯಾದ ಜಾಗದಿಂದಲೇ. ಕಬ್ಬನ್ನು ಅರೆದು, ರಸವನ್ನು ಕುದಿಸಿ, ಸಕ್ಕರೆಯ ಹರಳುಗಳನ್ನು ಬೇರ್ಪಡಿಸಿದ ಬಳಿಕ ಕೊನೆಗೆ ಉಳಿಯುವ ಕಪ್ಪು ಪಾಕವೇ ಕಾಕಂಬಿ. ಅದರಿಂದ ಇನ್ನು ಸಕ್ಕರೆ ಹೊರಡದು. ಆದರೆ ಅದಕ್ಕೆ ಯೀಸ್ಟ್ ಬೆರೆಸಿ ಹುಳಿಸಿದರೆ, ಉಳಿದ ಸಿಹಿಯೆಲ್ಲ ಮದ್ಯಸಾರವಾಗಿ ಮಾರ್ಪಡುತ್ತದೆ. ಅದನ್ನು ಬಟ್ಟಿ ಇಳಿಸಿ ನೀರಿನಂಶ ಕಳೆದರೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಸಿದ್ಧ. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಪೆಟ್ರೋಲಿಗೆ ಶೇಕಡಾ 5ರಷ್ಟು ಎಥೆನಾಲ್ ಬೆರೆಸುವ ಯೋಜನೆ ಜಾರಿಗೆ ಬಂದಾಗ ಅದರ ಆಧಾರ ಈ ಕಾಕಂಬಿಯೇ ಆಗಿತ್ತು. ಮನುಷ್ಯ ತಿನ್ನಲಾಗದ್ದನ್ನು ವಾಹನ ಕುಡಿಯುವುದಾದರೆ ಯಾರಿಗೆ ತಾನೇ ಆಕ್ಷೇಪವಿದ್ದೀತು?

ಆದರೆ ಕಾಕಂಬಿಗೊಂದು ಮಿತಿಯಿದೆ. ಕಬ್ಬು ಅರೆದಷ್ಟೇ ಅದು ಸಿಗುತ್ತದೆ. ಮಂತ್ರಿಗಳು ಗುರಿಯನ್ನು ಏರಿಸಿದರೆಂದು ಅದು ಹೆಚ್ಚುವುದಿಲ್ಲ. ಇಲ್ಲಿಯೇ ದಾರಿ ತಿರುಗಿತು. 2018ರ ಜೈವಿಕ ಇಂಧನ ನೀತಿಯು ಕಬ್ಬಿನ ರಸಕ್ಕೂ ಕೆಟ್ಟ ಧಾನ್ಯಕ್ಕೂ, ಹೆಚ್ಚುವರಿಯೆಂದು ಸಮಿತಿ ಘೋಷಿಸುವ ಒಳ್ಳೆಯ ಧಾನ್ಯಕ್ಕೂ ಬಾಗಿಲು ತೆರೆಯಿತು. ಶೇಕಡಾ 20ರ ಮಿಶ್ರಣಕ್ಕೆ ಮೊದಲು 2030ರ ಗಡುವಿತ್ತು. ಬಳಿಕ ಅದನ್ನು 2025-26ಕ್ಕೆ ಹಿಂದಕ್ಕೆಳೆಯಲಾಯಿತು. 2022ರ ಜೂನ್‌ನಲ್ಲಿ ಶೇಕಡಾ 10ನ್ನು ಮುಟ್ಟಿದೆವು, 2025ರಲ್ಲಿ ಶೇಕಡಾ 20ನ್ನೂ ಮುಟ್ಟಿದೆವು. ಗಡುವಿಗೆ ಮೊದಲೇ ಗುರಿ ತಲುಪಿದ್ದಕ್ಕೆ ಸರಕಾರ ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿತು. ಈ ವೇಗಕ್ಕೆ ಕಾರಣವಾದದ್ದು ತ್ಯಾಜ್ಯವಲ್ಲ, ಧಾನ್ಯ. ಇಂದು ದೇಶದಲ್ಲಿ ತಯಾರಾಗುವ ಎಥೆನಾಲ್‌ನಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಬರುತ್ತಿರುವುದು ಮೆಕ್ಕೆಜೋಳ ಮತ್ತು ಅಕ್ಕಿಯಿಂದ.

ಒಂದು ಸರಳ ಲೆಕ್ಕ ಮಾಡೋಣ. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್ ಎಥೆನಾಲ್ ಸಿಗುತ್ತದೆ. ಸಾಧಾರಣ ಕಾರಿನ ಟ್ಯಾಂಕಿಗೆ 40 ಲೀಟರ್ ಪೆಟ್ರೋಲ್ ತುಂಬಿಸಿದರೆ ಅದರಲ್ಲಿ 8 ಲೀಟರ್ ಎಥೆನಾಲ್. ಆ ಎಂಟು ಲೀಟರ್ ಪೂರ್ತಿಯಾಗಿ ಅಕ್ಕಿಯಿಂದಲೇ ಬಂದದ್ದಾದರೆ, ಒಂದು ಸಲ ಟ್ಯಾಂಕ್ ತುಂಬಿದಾಗ ಸುಮಾರು 18 ಕೆ.ಜಿ. ಅಕ್ಕಿ ಅದರೊಳಗೆ ಹೋಯಿತೆಂದು ಅರ್ಥ. ಆಹಾರ ಭದ್ರತಾ ಕಾಯಿದೆಯು ಒಬ್ಬ ಬಡವನಿಗೆ ತಿಂಗಳಿಗೆ ಕೊಡುವುದು 5 ಕೆ.ಜಿ. ಧಾನ್ಯ. ಮೂರೂವರೆ ಮಂದಿಯ ತಿಂಗಳ ಪಡಿತರವು ಮಂಗಳೂರಿನಿಂದ ಬೆಂಗಳೂರಿಗೆ ಹೋಗುವಷ್ಟರಲ್ಲಿ ಬಹುಪಾಲು ಮುಗಿದಿರುತ್ತದೆ. ಬಟ್ಟಿ ಇಳಿಸಿದ ಬಳಿಕ ಉಳಿಯುವ ಹಿಂಡಿ ದನಕ್ಕೂ ಕೋಳಿಗೂ ಮೇವಾಗುತ್ತದೆ, ಎಲ್ಲವೂ ಹಾಳಾಗುವುದಿಲ್ಲ ಎಂದು ಉದ್ಯಮದವರು ಹೇಳುತ್ತಾರೆ. ನಿಜ. ಆದರೆ ಅಕ್ಕಿ ಬೆಳೆಸಿದ್ದು ಹಿಂಡಿಗಾಗಿ ಅಲ್ಲ.

ಕರ್ನಾಟಕದ ಜನತೆಗೆ ಇದೆಲ್ಲ ದೂರದ ಸಂಗತಿಯೇನಲ್ಲ. 2023ರ ಜೂನ್ ತಿಂಗಳನ್ನು ನೆನಪಿಸಿಕೊಳ್ಳಿ. ರಾಜ್ಯದಲ್ಲಿ ಹೊಸದಾಗಿ ಅಧಿಕಾರಕ್ಕೆ ಬಂದ ಸರಕಾರ ಅನ್ನಭಾಗ್ಯದ ಅಕ್ಕಿಯನ್ನು ತಲಾ ಹತ್ತು ಕೆ.ಜಿ.ಗೆ ಏರಿಸುವುದಾಗಿ ಮಾತು ಕೊಟ್ಟಿತ್ತು. ಕೆ.ಜಿ.ಗೆ 34 ರೂಪಾಯಿ ಕೊಟ್ಟು ಕೊಳ್ಳಲು ಸಿದ್ಧವಾಗಿತ್ತು. ಆಹಾರ ನಿಗಮ ಮೊದಲು ಒಪ್ಪಿತು. ಮರುದಿನವೇ ಕೇಂದ್ರವು ರಾಜ್ಯ ಸರಕಾರಗಳಿಗೆ ಮುಕ್ತ ಮಾರುಕಟ್ಟೆ ಯೋಜನೆಯಡಿ ಅಕ್ಕಿ ಮಾರುವುದನ್ನೇ ನಿಲ್ಲಿಸಿತು. ಬೆಲೆ ಏರದಂತೆ ತಡೆಯಲು ದಾಸ್ತಾನು ಕಾಪಾಡಿಕೊಳ್ಳಬೇಕಾಗಿದೆ ಎಂಬುದು ಕೊಟ್ಟ ಕಾರಣ. ವಿಪರ್ಯಾಸವೆಂದರೆ ಅದೇ ಅಕ್ಕಿ ಅದೇ ದಿನಗಳಲ್ಲಿ ಎಥೆನಾಲ್ ಕಾರ್ಖಾನೆಗಳಿಗೆ ಕೆ.ಜಿ.ಗೆ 20 ರೂಪಾಯಿಯಂತೆ ಹೋಗುತ್ತಿತ್ತು. ಕಾರ್ಖಾನೆಗಳಿಗೆ ಅದು ನಿಂತದ್ದು ಜುಲೈಯಲ್ಲಿ. ರಾಜ್ಯ ಸರಕಾರ ಬೇರೆ ದಾರಿ ಕಾಣದೆ ಅಕ್ಕಿಯ ಬದಲು ತಲಾ 170 ರೂಪಾಯಿಯನ್ನು ಖಾತೆಗೆ ಹಾಕತೊಡಗಿತು. 2025ರ ಫೆಬ್ರವರಿಯ ವರೆಗೂ ಅದು ಮುಂದುವರಿಯಿತು. ರಾಜ್ಯದ ಘೋಷಣೆಯಲ್ಲಿ ರಾಜಕೀಯ ಇರಲಿಲ್ಲವೇ ಎಂದು ಕೇಳಬಹುದು. ಖಂಡಿತ ಇತ್ತು. ಆದರೆ ಹಸಿದವನಿಗೆ ಅನ್ನ ಕೊಡುವ ರಾಜಕೀಯಕ್ಕೂ ಅದನ್ನು ತಡೆಯುವ ರಾಜಕೀಯಕ್ಕೂ ವ್ಯತ್ಯಾಸವಿದೆಯೆಂದೇ ನಮ್ಮ ಭಾವನೆ.

ಈಗ ಗೋದಾಮುಗಳು ತುಂಬಿ ತುಳುಕುತ್ತಿವೆ, ಇಲಿ ಹೆಗ್ಗಣಗಳ ಪಾಲಾಗುವ ಬದಲು ಇಂಧನವಾಗಲಿ ಎಂಬ ವಾದ ಕೇಳಿಬರುತ್ತಿದೆ. 2024-25ರಲ್ಲಿ 52 ಲಕ್ಷ ಟನ್ ಅಕ್ಕಿಯನ್ನು ಎಥೆನಾಲ್‌ಗೆ ಮೀಸಲಿಟ್ಟಾಗ ಸಮರ್ಥನೆಗೆ ಬಂದದ್ದೂ ಇದೇ ಮಾತು. ಬೆಲೆ ಕೆ.ಜಿ.ಗೆ 22 ರೂಪಾಯಿ 50 ಪೈಸೆ. ದಾಸ್ತಾನು ಅಗತ್ಯಕ್ಕಿಂತ ಅನೇಕ ಪಟ್ಟು ಹೆಚ್ಚಿತ್ತೆಂಬುದು ಸುಳ್ಳಲ್ಲ. ಆದರೆ ಅದು ಹೇಗೆ ಹೆಚ್ಚಾಯಿತು? ಪಡಿತರದ ಹಕ್ಕುದಾರರ ಸಂಖ್ಯೆಯನ್ನು ಇಂದಿಗೂ 2011ರ ಜನಗಣತಿಯ ಆಧಾರದಲ್ಲಿಯೇ ಲೆಕ್ಕ ಹಾಕಲಾಗುತ್ತಿದೆ. 2021ರಲ್ಲಿ ನಡೆಯಬೇಕಾಗಿದ್ದ ಗಣತಿ ನಡೆಯಲೇ ಇಲ್ಲ. ಈ ಕಾರಣದಿಂದ 10 ಕೋಟಿಗೂ ಹೆಚ್ಚು ಜನರು ಪಡಿತರದ ವ್ಯಾಪ್ತಿಯಿಂದ ಹೊರಗುಳಿದಿದ್ದಾರೆಂದು ಜೀನ್ ಡ್ರೇಜ್, ರೀತಿಕಾ ಖೇರಾ ಮುಂತಾದ ಅರ್ಥಶಾಸ್ತ್ರಜ್ಞರು 2020ರಲ್ಲಿಯೇ ಅಂದಾಜಿಸಿದ್ದರು. ಪಡಿತರ ಚೀಟಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ತಾಲೂಕು ಕಚೇರಿಗೆ ಅಲೆಯುತ್ತಿರುವ ಕುಟುಂಬಗಳು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲೂ ಇವೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರೆಂದು ಸರಕಾರದ್ದೇ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಉಣ್ಣಬೇಕಾದವರನ್ನು ಪಂಕ್ತಿಯಿಂದ ಎಬ್ಬಿಸಿ, ಅನ್ನ ಮಿಕ್ಕಿದೆ ಎಂದು ಹೇಳುವ ಲೆಕ್ಕಾಚಾರವಿದು.

ರೈತನಿಗಾದರೂ ಲಾಭವಾಯಿತೇ? ಅನ್ನದಾತ ಇನ್ನು ಇಂಧನದಾತನಾಗುತ್ತಾನೆ ಎಂಬ ಘೋಷಣೆಯನ್ನು ನಾವೆಲ್ಲ ಕೇಳಿದ್ದೇವೆ. ಹಿಂದೆ ಮೆಕ್ಕೆಜೋಳವನ್ನು ಹೊರಗೆ ಕಳುಹಿಸುತ್ತಿದ್ದ ಭಾರತ 2024ರಲ್ಲಿ ಮ್ಯಾನ್ಮಾರ್ ಮತ್ತು ಉಕ್ರೇನ್‌ಗಳಿಂದ ತರಿಸಿಕೊಳ್ಳಬೇಕಾಯಿತು. ಕೋಳಿ ಸಾಕಣೆದಾರರು ಮೇವಿನ ಬೆಲೆ ಕೇಳಿ ತಲೆಯ ಮೇಲೆ ಕೈ ಹೊತ್ತರು. ಬೇಡಿಕೆಯ ಭರವಸೆಯಿಂದ ಹಾವೇರಿ, ಗದಗ ಕಡೆಯ ರೈತರು ಹೊಲದ ತುಂಬ ಮೆಕ್ಕೆಜೋಳ ಹಾಕಿದರು. 2025ರ ನವೆಂಬರ್‌ನಲ್ಲಿ ಫಸಲು ಕೈಗೆ ಬಂದಾಗ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು ಎರಡು ಸಾವಿರಕ್ಕಿಂತಲೂ ಕಡಿಮೆ. ರೈತರು ರಸ್ತೆಗಿಳಿದರು. ಅದೇ ತಿಂಗಳು ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಧರಣಿ ಕುಳಿತು, 3,300ಕ್ಕೆ ಒಪ್ಪಿ ಎದ್ದರು. ಸಕ್ಕರೆ, ವಿದ್ಯುತ್ತು, ಎಥೆನಾಲ್ ಎಂದು ಒಂದೇ ಕಬ್ಬಿನಿಂದ ಮೂರು ಬಗೆಯ ಆದಾಯ ಪಡೆಯುವ ಕಾರ್ಖಾನೆಯ ಎದುರು ಕಬ್ಬು ಬೆಳೆದವನು ಬೆಲೆಗಾಗಿ ಧರಣಿ ಕೂರಬೇಕಾದರೆ ಇಂಧನದಾತ ಯಾರು, ಇಂಧನದ ಲಾಭ ಯಾರದು ಎಂಬುದನ್ನು ಪ್ರಜ್ಞಾವಂತರು ಊಹಿಸಬಲ್ಲರು. ನೀರಿನ ಲೆಕ್ಕವನ್ನೂ ಮರೆಯಬಾರದು. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್ ತಯಾರಿಸಲು ಸುಮಾರು 2,860 ಲೀಟರ್ ನೀರು ಬೇಕೆಂದು ನೀತಿ ಆಯೋಗದ 2021ರ ವರದಿಯೇ ಒಪ್ಪಿಕೊಂಡಿದೆ. ಹಳೆಯ ವಾಹನಗಳ ಮೈಲೇಜು ಇಳಿಯುತ್ತದೆಂಬುದನ್ನೂ ಆ ವರದಿ ಮುಚ್ಚಿಟ್ಟಿರಲಿಲ್ಲ. 2025ರಲ್ಲಿ ವಾಹನ ಮಾಲಕರು ಬೊಬ್ಬೆ ಹಾಕಿದಾಗ ಅದು ಹೊಸ ಸಂಗತಿಯೆಂಬಂತೆ ಚರ್ಚೆಯಾಯಿತಷ್ಟೆ.

ಜಗತ್ತು ಈ ಪಾಠವನ್ನು ಮೊದಲೇ ಕಲಿಯಬೇಕಿತ್ತು. ಅಮೆರಿಕವು ಮೆಕ್ಕೆಜೋಳದಿಂದ ಎಥೆನಾಲ್ ಮಾಡಲು ಮುಗಿಬಿದ್ದ 2007ರ ಆರಂಭದಲ್ಲಿಯೇ ಮೆಕ್ಸಿಕೋದ ಬಡವರು ರೊಟ್ಟಿಯ ಬೆಲೆ ಏರಿತೆಂದು ಬೀದಿಗಿಳಿದಿದ್ದರು. ಅದೇ ವರ್ಷ ವಿಶ್ವಸಂಸ್ಥೆಯ ಆಹಾರ ಹಕ್ಕಿನ ವಿಶೇಷ ವರದಿಗಾರರಾಗಿದ್ದ ಜೀನ್ ಝೀಗ್ಲರ್, ಆಹಾರ ಬೆಳೆಯನ್ನು ಇಂಧನವಾಗಿ ಸುಡುವುದು ಮಾನವತೆಯ ವಿರುದ್ಧದ ಅಪರಾಧವೆಂದು ಹೇಳಿ ಐದು ವರ್ಷಗಳ ತಡೆಗೆ ಒತ್ತಾಯಿಸಿದ್ದರು. ಬಂಡವಾಳಶಾಹಿ ಜಗತ್ತು ಆ ಮಾತನ್ನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಹಾಗಾದರೆ ತ್ಯಾಜ್ಯದ ದಾರಿ ಮುಚ್ಚಿದೆಯೇ? ಮುಚ್ಚಿಲ್ಲ, ಆದರೆ ಅದು ಕಷ್ಟದ ದಾರಿ. ಪಂಜಾಬ್, ಹರ್ಯಾಣಗಳಲ್ಲಿ ರೈತರು ಸುಡುವ ಭತ್ತದ ಹುಲ್ಲಿನ ಹೊಗೆ ಪ್ರತಿ ಚಳಿಗಾಲದಲ್ಲೂ ದಿಲ್ಲಿಯ ಉಸಿರು ಕಟ್ಟಿಸುತ್ತದೆ. ಅದೇ ಹುಲ್ಲಿನಿಂದ ಎಥೆನಾಲ್ ತಯಾರಿಸುವ ಕಾರ್ಖಾನೆ 2022ರ ಆಗಸ್ಟ್ 10ರಂದು ಪಾಣಿಪತ್‌ನಲ್ಲಿ ಉದ್ಘಾಟನೆಯಾಯಿತು. ವರ್ಷಕ್ಕೆ 2 ಲಕ್ಷ ಟನ್ ಹುಲ್ಲು, 3 ಕೋಟಿ ಲೀಟರ್ ಎಥೆನಾಲ್ ಎಂಬುದು ಅದರ ಗುರಿ. ಆದರೆ ಅಕ್ಕಿಯ ಪಿಷ್ಟದಷ್ಟು ಸುಲಭವಾಗಿ ಹುಲ್ಲಿನ ನಾರು ಸಕ್ಕರೆಯಾಗಿ ಒಡೆಯುವುದಿಲ್ಲ. ಅದಕ್ಕೆ ದುಬಾರಿ ಕಿಣ್ವಗಳು ಬೇಕು, ಬಿಸಿ ಬೇಕು. ಕೆಲವೇ ವಾರಗಳಲ್ಲಿ ಹೊಲಹೊಲಗಳಿಂದ ಹುಲ್ಲನ್ನು ಸಂಗ್ರಹಿಸಿ, ಕಟ್ಟಿ, ಸಾಗಿಸಿ, ವರ್ಷಪೂರ್ತಿ ಮಳೆ ಬೆಂಕಿಗಳಿಂದ ಕಾಪಾಡಬೇಕು. ಗೋದಾಮಿನ ಅಕ್ಕಿಗೆ ಈ ತಾಪತ್ರಯವಿಲ್ಲ, ಲಾರಿ ತಂದು ನಿಲ್ಲಿಸಿದರಾಯಿತು. ಹೀಗಾಗಿ ಕಷ್ಟದ ದಾರಿ ಉದ್ಘಾಟನೆಯ ಫಲಕಗಳಲ್ಲಿ ಉಳಿಯಿತು, ಸುಲಭದ ದಾರಿ ಹೆದ್ದಾರಿಯಾಯಿತು. ತ್ಯಾಜ್ಯದಿಂದ ಅನಿಲ ತಯಾರಿಸುವ 5,000 ಘಟಕಗಳನ್ನು 2023ರೊಳಗೆ ನಿಲ್ಲಿಸುತ್ತೇವೆಂದು 2018ರಲ್ಲಿ ಕೇಂದ್ರ ಘೋಷಿಸಿತ್ತು. 2025ರ ಹೊತ್ತಿಗೆ ಕಾರ್ಯಾರಂಭ ಮಾಡಿದ್ದು ನೂರರ ಆಸುಪಾಸು ಮಾತ್ರ.

ಸಾಧ್ಯವೇ ಇಲ್ಲವೆಂದಲ್ಲ. ಇಂದೋರ್ ನಗರದಲ್ಲಿ 2022ರ ಫೆಬ್ರವರಿಯಲ್ಲಿ ಆರಂಭವಾದ ಘಟಕವು ದಿನಕ್ಕೆ 550 ಟನ್ ಹಸಿ ಕಸದಿಂದ 17,000 ಕೆ.ಜಿ. ಅನಿಲ ತಯಾರಿಸುವ ಸಾಮರ್ಥ್ಯದ್ದು. ನಗರದ ಬಸ್ಸುಗಳು ಅದರಲ್ಲಿ ಓಡುತ್ತವೆ. ಅಲ್ಲಿ ಯಂತ್ರಕ್ಕಿಂತ ಮೊದಲು ಕೆಲಸ ಮಾಡಿದ್ದು ಮನೆಯೊಳಗಿನ ಕೈ. ಹಸಿ ಕಸವನ್ನೂ ಒಣ ಕಸವನ್ನೂ ಬೇರೆ ಬೇರೆಯಾಗಿ ಕೊಡುವ ಅಭ್ಯಾಸ ಮನೆಮನೆಯಲ್ಲಿ ಬೇರೂರಿದ್ದರಿಂದಲೇ ಯಂತ್ರ ಕಟ್ಟಿಕೊಳ್ಳದೆ ನಡೆಯಿತು. ನಮ್ಮ ರಾಜ್ಯದ ಶಿರಸಿಯ ಉದಾಹರಣೆ ಇನ್ನೂ ಹಳೆಯದು. ಅಲ್ಲಿನ ಅಡಿಕೆ ಬೆಳೆಗಾರರ ಮನೆಗಳ ಗೋಬರ್ ಗ್ಯಾಸ್ ಸ್ಥಾವರಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಧ್ಯಯನ ಮಾಡಿ 2001ರಲ್ಲಿ ಪ್ರಕಟಿಸಿದ ಲೇಖನವೊಂದಿದೆ. ಬೇರೆಡೆ ಸಬ್ಸಿಡಿಯ ಹಣದಲ್ಲಿ ಕಟ್ಟಿದ ಸ್ಥಾವರಗಳು ಹಾಳು ಗುಂಡಿಗಳಾಗಿದ್ದಾಗ ಶಿರಸಿಯಲ್ಲಿ ಬಹುತೇಕ ಎಲ್ಲವೂ ಉರಿಯುತ್ತಿದ್ದವು. ಕಟ್ಟಿಕೊಟ್ಟ ಸ್ಥಳೀಯ ಗುತ್ತಿಗೆದಾರರೇ ದುರಸ್ತಿಗೂ ಹೊಣೆಯಾಗಿದ್ದರು ಎಂಬುದು ಅದರ ಗುಟ್ಟು.

ಇಷ್ಟೆಲ್ಲ ಹೇಳಿ ಸರಕಾರವನ್ನು ದೂರಿ ಸುಮ್ಮನಾಗುವುದು ಸುಲಭ. ಆದರೆ ನಮ್ಮ ಮನೆಯ ಬಾಗಿಲನ್ನೂ ನೋಡಬೇಕಲ್ಲವೇ? ಇತ್ತೀಚೆಗೆ ಒಂದು ಪಟ್ಟಣದ ಶಾದಿಮಹಲ್‌ನಲ್ಲಿ ಮದುವೆಯ ಊಟ ಮುಗಿಸಿ ಕೈ ತೊಳೆಯಲು ಹಿಂಬದಿಗೆ ಹೋದಾಗ ನಾವು ಕಂಡ ದೃಶ್ಯವನ್ನು ಮರೆಯಲಾಗುತ್ತಿಲ್ಲ. ಬಿರಿಯಾನಿಯ ರಾಶಿ, ಕಚ್ಚಿ ಬಿಟ್ಟ ಮಾಂಸದ ತುಂಡುಗಳು, ಪ್ಲಾಸ್ಟಿಕ್ ಲೋಟ, ಥರ್ಮೋಕೋಲ್ ತಟ್ಟೆ ಎಲ್ಲವೂ ಒಂದೇ ಗುಂಡಿಯಲ್ಲಿ. "ರಾತ್ರಿ ಬೆಂಕಿ ಕೊಡುತ್ತೇವೆ, ಸಾಹೇಬರೇ" ಎಂದ ಕಾವಲುಗಾರ. ಬಿದ್ದ ಅಗುಳನ್ನು ಒರೆಸಿ ತಿನ್ನಲು ಕಲಿಸುವ ಧರ್ಮದ ಅನುಯಾಯಿಗಳ ಗುಂಡಿಯದು.

ಇಂಥ ಗುಂಡಿಯ ಬದಲು ಅನಿಲ ಘಟಕ ಕಟ್ಟಿಸಿದರೆ ಪರಿಹಾರವಾಯಿತೆಂದು ಕೆಲವರು ಹೇಳಬಹುದು. ಇಂದೋರಿನ ಲೆಕ್ಕವನ್ನೇ ಹಿಡಿದರೆ ಒಂದು ಟನ್ ಹಸಿ ಕಸಕ್ಕೆ ಸುಮಾರು 30 ಕೆ.ಜಿ. ಅನಿಲ. ಒಂದು ಮದುವೆಯಲ್ಲಿ 200 ಕೆ.ಜಿ. ಊಟ ಮಿಕ್ಕಿತೆನ್ನಿ, ಸಿಗುವುದು 6 ಕೆ.ಜಿ., ಅಂದರೆ ಮನೆಯ ಅರ್ಧ ಸಿಲಿಂಡರಿಗಿಂತಲೂ ಕಡಿಮೆ. ಆ ಊಟ ಬೇಯಿಸಲಿಕ್ಕೇ ಅದಕ್ಕಿಂತ ಹೆಚ್ಚು ಉರಿದಿರುತ್ತದೆ. ಆದುದರಿಂದ ತಿನ್ನಬಹುದಾದ ಅನ್ನ ಮೊದಲು ಹಸಿದವನಿಗೆ ತಲುಪಬೇಕು. ಘಟಕಕ್ಕೆ ಹೋಗಬೇಕಾದದ್ದು ತರಕಾರಿಯ ಸಿಪ್ಪೆ, ಎಲುಬು, ಎಂಜಲು, ಮಾಂಸದಂಗಡಿಯ ಮತ್ತು ಮಾರುಕಟ್ಟೆಯ ಕೊಳೆತ ಸಾಮಾನು. ದಿಲ್ಲಿಯ ಅಕ್ಕಿಗೆ ನಾವು ಅನ್ವಯಿಸುವ ನ್ಯಾಯ ನಮ್ಮ ಬಿರಿಯಾನಿಗೂ ಅನ್ವಯಿಸಬೇಕು. ಶಾದಿಮಹಲ್‌ಗಳನ್ನು ನಡೆಸುವ ಜಮಾಅತ್ ಸಮಿತಿಗಳು ಬಾಡಿಗೆಯ ಕರಾರಿನಲ್ಲಿ ಮಿಕ್ಕಿದ ಊಟವನ್ನು ಎರಡು ಗಂಟೆಯೊಳಗೆ ಎಲ್ಲಿಗೆ ತಲುಪಿಸಲಾಗುವುದು, ಹಸಿ ಕಸವನ್ನು ಯಾರಿಗೆ ಕೊಡಲಾಗುವುದು ಎಂಬ ಎರಡು ಸಾಲುಗಳನ್ನು ಸೇರಿಸಲು ಯಾವ ಮಂತ್ರಿಯ ಅಪ್ಪಣೆಯೂ ಬೇಕಾಗಿಲ್ಲ.

ಇನ್ನೊಂದು ವಸ್ತು ನಮ್ಮ ಸಮುದಾಯದ ಕೈಯಲ್ಲಿಯೇ ಇದೆ. ಅದು ಕರಿದು ಉಳಿದ ಎಣ್ಣೆ. ಹೋಟೆಲು, ಬೇಕರಿ, ಕಬಾಬಿನ ಗಾಡಿಗಳಲ್ಲಿ ದುಡಿಯುವವರು ನಮ್ಮಲ್ಲಿ ಬಹಳ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಆರೋಗ್ಯಕ್ಕೆ ಹಾನಿಕರವಾದ ಸಂಯುಕ್ತಗಳು ಹೆಚ್ಚುತ್ತವೆ. ಅವುಗಳ ಪ್ರಮಾಣ ಶೇಕಡಾ 25ನ್ನು ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈಯಿಂದ ನಿಯಮ ತಂದಿದೆ. ಅದೇ ವರ್ಷ ಅಂಥ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ತಯಾರಿಕೆಗೆ ಕಳುಹಿಸುವ ಕಾರ್ಯಕ್ರಮವನ್ನೂ ಆರಂಭಿಸಿತು. ಸೋಸಿದ ಎಣ್ಣೆಗೆ ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಬೆರೆಸಿ ಹದವಾಗಿ ಕಾಯಿಸಿದರೆ ಗ್ಲಿಸರಿನ್ ತಳಕ್ಕಿಳಿಯುತ್ತದೆ, ಮೇಲೆ ನಿಂತದ್ದು ಶುದ್ಧೀಕರಣದ ಬಳಿಕ ಡೀಸೆಲ್‌ಗೆ ಬೆರೆಸಲು ಯೋಗ್ಯ. ರುಡಾಲ್ಫ್ ಡೀಸೆಲ್‌ನ ಎಂಜಿನು 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಕಡಲೆಕಾಯಿ ಎಣ್ಣೆಯಿಂದಲೇ ಓಡಿತ್ತೆಂಬುದನ್ನು ನೆನೆದರೆ ಇದರಲ್ಲಿ ಅಚ್ಚರಿಯೇನಿಲ್ಲ. ಆದರೆ ನಡೆಯುತ್ತಿರುವುದೇನು? ದೊಡ್ಡ ಹೋಟೆಲಿನ ಕಪ್ಪು ಎಣ್ಣೆ ಅರ್ಧ ಬೆಲೆಗೆ ಸಣ್ಣ ಗಾಡಿಗೆ ಹೋಗುತ್ತದೆ. ಗಾಡಿಯ ಬಾಣಲೆಯಿಂದ ಬಡವನ ಮಗುವಿನ ಹೊಟ್ಟೆಗೆ ಹೋಗುತ್ತದೆ. ಇಂಧನವಾಗಬೇಕಾದದ್ದು ಆಹಾರವಾಗುತ್ತಿದೆ, ಆಹಾರವಾಗಬೇಕಾದದ್ದು ಇಂಧನವಾಗುತ್ತಿದೆ!

ಗುಜರಿ ವ್ಯಾಪಾರದಲ್ಲಿ ನಮ್ಮ ಪಟ್ಟಣಗಳ ಮುಸ್ಲಿಮರು ತಲೆಮಾರುಗಳಿಂದ ಇದ್ದಾರೆ. ಕಬ್ಬಿಣ, ಕಾಗದ, ಬಾಟಲಿಗಳನ್ನು ಬೀದಿಬೀದಿಯಿಂದ ಸಂಗ್ರಹಿಸಿ ತೂಗಿ ಕಳುಹಿಸುವ ಜಾಲ ಅವರಲ್ಲಿ ಸಿದ್ಧವಾಗಿಯೇ ಇದೆ. ಅದೇ ತಳ್ಳುಗಾಡಿಗೆ ಎಣ್ಣೆಯ ಒಂದು ಡಬ್ಬಿ ಸೇರಿಸುವುದು, ನೋಂದಾಯಿತ ಸಂಗ್ರಾಹಕರೊಂದಿಗೆ ಒಪ್ಪಂದ ಮಾಡಿಕೊಳ್ಳುವುದು ಅಸಾಧ್ಯವಾದ ಕೆಲಸವೇನಲ್ಲ. ರಮಝಾನಿನ ಸಂಜೆಗಳಲ್ಲಿ ಮಸೀದಿಯ ರಸ್ತೆಯುದ್ದಕ್ಕೂ ಸಮೋಸ, ಕಟ್ಲೆಟ್‌ಗಳ ಬಾಣಲೆಗಳು ಸಾಲಾಗಿ ಏಳುತ್ತವೆ; ದಿನವಿಡೀ ಉಪವಾಸವಿದ್ದ ಹೊಟ್ಟೆಗೆ ಮೊದಲು ಬೀಳುವುದು ಅವುಗಳಲ್ಲಿ ಕರಿದದ್ದೇ. ಬರುವ ಶಾಬಾನ್ ತಿಂಗಳಲ್ಲಿ ಆ ಗಾಡಿಗಳವರನ್ನು ಕರೆದು ಕೂರಿಸಿ, ದಿನದ ಎಣ್ಣೆಯನ್ನು ದಿನವೇ ಬದಲಾಯಿಸಿದರೆ ಹಳೆಯದನ್ನು ನ್ಯಾಯವಾದ ಬೆಲೆಗೆ ಕೊಳ್ಳುವ ಹೊಣೆ ನಮ್ಮದೆಂದು ಹೇಳುವ ಒಂದು ಜಮಾಅತ್ ಯಾವ ಊರಿನಲ್ಲಾದರೂ ಮುಂದೆ ಬಂದರೆ, ಆ ಊರಿನ ಹೆಸರನ್ನು ಈ ಪುಟದಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ.